ಅಪ್ಪನ ಹೃದಯದ ರಕ್ತನಾಳದಲ್ಲಿ ಸುಣ್ಣ ಕಟ್ಟಿದೆ: ಕೊರೆದು ತೆಗೆಯುವ ರೋಟಾವೋ, ತರಂಗದಿಂದ ಒಡೆಯುವ ಶಾಕ್‌ವೇವೋ? ಮಾಡಿಸಿದವರು ಹೇಳಿ

ಅಂಕೋಲಾ ಹುಡುಗ: ಅಪ್ಪನಿಗೆ 68, ಶುಗರ್ ಇದೆ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ 1.8, ಹೆಚ್ಚೇ. ಹೃದಯದ ಮುಂಭಾಗದ ಮುಖ್ಯ ನಾಳ ಎಲ್‌ಎಡಿ ಒಂದರಲ್ಲೇ 90% ಬ್ಲಾಕ್. ಸುಣ್ಣಗಟ್ಟಿ ಗಟ್ಟಿಯಾಗಿದೆ, ಬರೀ ಬಲೂನಿಗೆ ಬಿಚ್ಚಲ್ಲ ಅಂದರು. ಕಿಡ್ನಿ ತೊಂದರೆ ಇದ್ದವರು ಯಾರಾದರೂ ಮಾಡಿಸಿದ್ದೀರಾ? ಎಲ್ಲಿ, ಎಷ್ಟಾಯ್ತು?

ಶಿರಸಿ ತೋಟದವ: ನಮ್ಮ ಅಪ್ಪಯ್ಯನಿಗೆ ಹುಬ್ಬಳ್ಳಿಯಲ್ಲಿ ರೋಟಾ ಆಯ್ತು. ಬಲಗಡೆ ನಾಳ; ಕೊರೆಯುವಾಗ ನಾಡಿ ಇಳಿಯಬಹುದು ಅಂತ ಮೊದಲೇ ತಾತ್ಕಾಲಿಕ ಪೇಸ್‌ಮೇಕರ್ ತಂತಿ ಹಾಕಿದ್ದರು. ವಜ್ರದ ಪುಡಿ ಕೂರಿಸಿದ ಒಂದೂವರೆ ಮಿಲಿಮೀಟರ್ ಬರ್ರು, ಅಂದರೆ ಕೊರೆಯುವ ತುದಿ, ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು. ಕೇಳಿ ನನಗೇ ಎದೆ ಹಿಡಿದುಕೊಂಡಿತು. ಕೆಲಸ ಚೊಕ್ಕ. ಬಿಲ್ಲು ಒಟ್ಟು 2,86,400. ಸ್ಟೆಂಟಿಗೆ 2017ರಿಂದ ಸರ್ಕಾರದ ದರಮಿತಿ ಇದೆ, ಅಲ್ಲಿ ಕೀಳಲಾಗಲಿಲ್ಲ. ಬರ್ರು ಬೇರೆ, ಅದರ ತಂತಿ ಬೇರೆ, ನಾಳದೊಳಗೆ ನೋಡುವ ಐವಸ್ ಬೇರೆ. ಐವಸ್ಸಿಗೇ 58,000! ಮೇಲೆ ತೊಡೆಸಂದಿಯಲ್ಲಿ ರಕ್ತ ಕಟ್ಟಿ ಊದಿಕೊಂಡಿತು, ಹೆಚ್ಚಿಗೆ ಉಳಿದದ್ದಕ್ಕೆ 19,200. ಗ್ಲೌಸಿಗೂ ಬಿಲ್ಲು ಮಾರಾಯ್ರೆ. ಇಟ್ಟ ಅಡಿಕೆಯನ್ನೆಲ್ಲ ಆಗಲೇ ಸೊಸೈಟಿಗೆ ಹಾಕಿದೆ, ಆಮೇಲೆ ರೇಟು ಏರಿತು. ಆ ಉರಿ ಬೇರೆ.

ಕಾಳಿ ದಂಡೆ: ಈಗಲೂ ಡ್ರಿಲ್ಲು ಯಾಕೆ? ಅಮ್ಮನಿಗೆ ಗೋವಾದ ಖಾಸಗಿ ಆಸ್ಪತ್ರೆಯಲ್ಲಿ ಶಾಕ್‌ವೇವ್ ಮಾಡಿಸಿದೆ. ಕಿಡ್ನಿ ಕಲ್ಲು ಒಡೆಯುವ ತಂತ್ರವೇ. ಬಲೂನನ್ನು ಕಡಿಮೆ ಒತ್ತಡದಲ್ಲಿ ಉಬ್ಬಿಸಿ ಒಂದು ಸಲಕ್ಕೆ ಒತ್ತಡ ತರಂಗದ 10 ಪಲ್ಸ್ ಬಿಡ್ತಾರೆ, ಗೋಡೆಯ ಆಳದಲ್ಲಿದ್ದ ಸುಣ್ಣವೂ ಬಿರುಕು ಬಿಡುತ್ತದೆ. ಮಣಿಕಟ್ಟಿನಿಂದಲೇ ಮುಗಿಯಿತು, ಮನೆಗೆ ಬಂದು ಬಂಗಡೆ ಸಾರು ಉಂಡರು. 5,12,000 ಆಯ್ತು, ಬಲೂನೊಂದೇ 2,90,000. ಒಬ್ಬರಿಗೆ ಬಳಸಿ ಎಸೆಯುವ ಬಲೂನು! ಇನ್ಶೂರೆನ್ಸಿನವರು ರೂಂ ಬಾಡಿಗೆ ಮಿತಿ ಮೀರಿತು ಅಂತ ಡಾಕ್ಟರ್ ಫೀ, ಓಟಿ ಚಾರ್ಜಿನಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿಸಿದರು. ಆದರೂ ಬೇಜಾರಿಲ್ಲ.

ಶಿರಸಿ ತೋಟದವ: ನಿಮ್ಮ ಬಲೂನು ಒಳಗೆ ಹೋದರೆ ತಾನೇ ಒಡೆಯೋದು? ಅಪ್ಪಯ್ಯನಿಗೆ ಅತಿ ಸಣ್ಣ ಬಲೂನೂ ದಾಟಲಿಲ್ಲ. ಅಂಥಲ್ಲಿ ಮೊದಲು ಕೊರೆದೇ ದಾರಿ ಮಾಡಬೇಕು. ಕೊರೆದ ಮೇಲೆ ಶಾಕ್‌ವೇವ್ ಹಾಕುವುದೂ ಉಂಟು.

ಕಾಳಿ ದಂಡೆ: ಕೊರೆದ ಪುಡಿ ಎಲ್ಲಿಗೆ ಹೋಯ್ತು ಅಂತ ಕೇಳಿದ್ರಾ? ಕೆಳಗಿನ ಸಣ್ಣ ನಾಳಗಳಿಗೇ. ಅಲ್ಲಿ ರಕ್ತ ನಿಂತರೆ?

ಶಿರಸಿ ತೋಟದವ: ಬಹುಪಾಲು ಪುಡಿ ರಕ್ತಕಣಕ್ಕಿಂತ ಸಣ್ಣದು. ಓದಿಕೊಂಡು ಬನ್ನಿ.

ಕುಮಟಾದ ಅಕ್ಕ: ಇಬ್ಬರೂ ಸಾಕು ಮಾಡಿ. ನಮ್ಮನೆಯವರಿಗೆ ಮೂರೂ ನಾಳ, ಮೇಲೆ ಶುಗರ್. ಇಂಥವರಿಗೆ ಸ್ಟೆಂಟಿಗಿಂತ ಬೈಪಾಸ್ ಮೇಲು ಅಂತ 2012ರಲ್ಲೇ ದೊಡ್ಡ ಅಧ್ಯಯನ ಬಂದಿದೆ. ಮಾಡಿಸಿದೆವು. ಎದೆಯ ಗಾಯ ಬೇಗ ಮಾಯಿತು. ಬೈಪಾಸಿಗೆ ಅಂತ ನಾಳ ತೆಗೆದ ಕಾಲು ಮಾತ್ರ ಕೀವಾಗಿ ತಿಂಗಳುಗಟ್ಟಲೆ ಡ್ರೆಸ್ಸಿಂಗ್, ಪ್ರತಿ ಸಲ 350, ಆಟೋಕ್ಕೆ 200. ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್‌ನವರಿಗೆ 5 ಲಕ್ಷದವರೆಗೆ. ನಮ್ಮದು ಎಪಿಎಲ್, ಪ್ಯಾಕೇಜಿನ 30% ಅಷ್ಟೇ. ಕಾರ್ಡಿನ ಬಣ್ಣ ನೋಡಿ ಹೃದಯ ಕೆಡುತ್ತದೆಯೇ?

ಕಾಳಿ ದಂಡೆ: ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇದ್ದರೆ ಇದೆಲ್ಲ ಬೇಕಿತ್ತಾ? ಗೋವಾದ ಬಾಂಬೋಳಿಯ ಸರ್ಕಾರಿ ಆಸ್ಪತ್ರೆಯಲ್ಲೂ 2018ರಿಂದ ಹೊರಗಿನವರಿಗೆ ಶುಲ್ಕ. ಕಾರವಾರದಲ್ಲಿ ಮೆಡಿಕಲ್ ಕಾಲೇಜಿದೆ, ಅಲ್ಲೇ ಆಗಲಿ.

ಕುಮಟಾದ ಅಕ್ಕ: ಭಟ್ಕಳದವರು ಕಾರವಾರ ಮುಟ್ಟುವುದರೊಳಗೆ ಮಣಿಪಾಲ ಸೇರಿರುತ್ತಾರೆ. 2022ರಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲಿನಲ್ಲಿ ಮಗುಚಿದ್ದು ಮರೆತಿರಾ? ನಡುವೆ ಇರುವುದು ಕುಮಟಾ.

ಶಿರಸಿ ತೋಟದವ: ಘಟ್ಟದ ಮೇಲಿನವರು ಲೆಕ್ಕಕ್ಕಿಲ್ಲವೋ? ಮಳೆಗಾಲದಲ್ಲಿ ದೇವಿಮನೆ ಘಟ್ಟ ಕುಸಿದರೆ ಕುಮಟಾಕ್ಕೆ ಇಳಿಯೋದು ಹೇಗೆ? ಶಿರಸಿಯಲ್ಲೇ ಆಗಬೇಕು.

ಅಂಕೋಲಾ ಹುಡುಗ: ಕ್ರಿಯಾಟಿನಿನ್ ಬಗ್ಗೆ ಯಾರೂ ಹೇಳಲಿಲ್ಲ.

ಕುಮಟಾದ ಅಕ್ಕ: ನಾಳ ಕಾಣಲೆಂದು ಬಿಡುವ ಡೈ ಕಿಡ್ನಿಗೆ ಭಾರ, ಅದನ್ನು ಆದಷ್ಟು ಕಡಿಮೆ ಬಳಸಲು ಹೇಳು ತಮ್ಮಾ. ಐವಸ್ ಇದ್ದರೆ ಡೈ ಉಳಿಯುತ್ತದೆ, ಸಲೈನ್ ಮೊದಲೇ ಕೊಡುತ್ತಾರಾ ಕೇಳು. ಮತ್ತೆ ಶಿರಸಿಯವರೇ, ಘಟ್ಟ ಮುಚ್ಚಿದರೂ ನಿಮಗೆ ಹುಬ್ಬಳ್ಳಿಗೆ ರಸ್ತೆ ಇದೆ. ಹೆದ್ದಾರಿ ಮೇಲೆ ಗುಡ್ಡ ಬಿದ್ದ ದಿನ ನಾವು ಯಾವ ಕಡೆಗೆ ಹೋಗಬೇಕು, ಅದನ್ನು ಹೇಳಿ.