ಹಿಮಬಂಡೆಯ ನೀಲಿ ಪ್ಲಾಸ್ಟಿಕ್ ಬಕೆಟ್ ಆಗ್ಲಿಕತ್ತದ, ಏನ್ ಮಾಡ್ಲಿ?

ಗೋಳಗುಮ್ಮಟದ_ಕುಂಚ (ವಿಜಯಪುರ):
ನಮಸ್ಕಾರ್ರಿ. 15×22 ಇಂಚಿನ 300 ಜಿಎಸ್‌ಎಂ (ದಪ್ಪನ್ನ) ಕೋಲ್ಡ್ ಪ್ರೆಸ್ (ತುಸು ಉರುಟು) ಹಾಳಿ ಮ್ಯಾಲ ಗ್ರೀನ್‌ಲ್ಯಾಂಡಿನ ಹಿಮಬಂಡಿ ಬರೀಲಿಕತ್ತೀನಿ, ಜಲವರ್ಣ. ಥ್ಯಾಲೊ ಬ್ಲೂ ಅನ್ನೂ ಕಡು ನೀಲಿ ಹಚ್ಚಿದ್ರ ಬಕೆಟ್ ಬಣ್ಣ ಬರ್ತದ. ಆಕಾಶದ ವಾಶ್ (ನೀರು ಹೆಚ್ಚಿನ ತೆಳು ಬಣ್ಣದ ಪದರ) ಈ ಬಿಸಲಿಗೆ ಅರ್ಧಕ್ಕೇ ಒಣಗಿ ಗೆರಿ ಬೀಳ್ತಾವ. ಆರ್ಕ್ಟಿಕ್ ಕಣ್ಣಿಲೆ ನೋಡಲಾರದ ಇದನ್ನ ಬರೀಲಿಕ್ಕೆ ಬರ್ತದೋ ಇಲ್ಲೋ?

ಕೋಟೆಕೆರೆ (ಬೆಳಗಾವಿ):
ಥ್ಯಾಲೊ ತಪ್ಪಲ್ರಿ, ಹಚ್ಚಿದ ಜಾಗ ತಪ್ಪು. ಬೆಳಕು ಗಟ್ಟಿ ಹಿಮದೊಳಗ ದೂರ ಹೋದಂಗ ಕೆಂಪು ಹೀರಿ ಹೋಗಿ ನೀಲಿ ಉಳಿಯತೈತಿ. ಗಾಳಿಗುಳ್ಳಿ ತುಂಬಿದ ಹಿಮದಾಗ ಅದಕ್ಕೂ ಮೊದ್ಲ ಚದುರಿ ಬೆಳ್ಳಗ ಕಾಣತೈತಿ. ಅದಕ ದಟ್ಟ ನೀಲಿ ಇರೂದು ಬಿರುಕಿನಾಗ, ಗವಿಯಾಗ. ಬಿಸಲು ಬಿದ್ದ ನೆತ್ತಿ ಮ್ಯಾಲ ಅಲ್ಲ.

ನೆರಳಿನ ಮುಖಕ್ಕ ಅಲ್ಟ್ರಾಮರೀನ್ ನೀಲಿ (ಟ್ಯೂಬ್ ಮ್ಯಾಲ ಪಿಬಿ 29 ಅಂತ ಇರತೈತಿ) ಮೂರು ಪಾಲು, ಬರ್ಂಟ್ ಸಿಯೆನ್ನಾ (ಕೆಂಪು-ಕಂದು) ಒಂದು ಪಾಲು, ಭಾಳ ತೆಳ್ಳಗ. ಬೂದು-ನೀಲಿ ಬರತೈತಿ, ಇಡೀ ಬಂಡಿ ಅದರಾಗ ನಿಲ್ಲಬೇಕು. ಥ್ಯಾಲೊ ಕೊನಿಗೆ, ಬಿರುಕಿನಾಗ ಅಷ್ಟ. ಒಂದು ಅಂಚು ಚೂಪು ಇಟ್ಟು ಇನ್ನೊಂದನ್ನ ಒದ್ದಿ ಬ್ರಷ್‌ನಿಂದ ಕರಗಸ್ರಿ. ಥ್ಯಾಲೊ ಕಾಗದಕ್ಕ ಕಚ್ಚೂ ಬಣ್ಣ, ಆಮ್ಯಾಲ ಎತ್ತಾಕ ಬರೂದಿಲ್ಲ. ಬಿಳಿ ಬಣ್ಣ ಮುಟ್ಟಬ್ಯಾಡ್ರಿ, ಬಿಳಿ ಬೇಕಾದಲ್ಲಿ ಹಾಳಿನ್ನ ಖಾಲಿ ಬಿಡ್ರಿ. ಮೊದಲು ಪೆನ್ಸಿಲ್‌ನಾಗ ನಾಲ್ಕು ಟೋನಿನ (ತಿಳಿಯಿಂದ ಕಪ್ಪಿನ ತನಕ) ಸಣ್ಣ ಸ್ಕೆಚ್ ಆಗ್ಲೇಬೇಕು.

ಘಟಪ್ರಭಾ_ದಂಡೆ (ಬಾಗಲಕೋಟೆ):
ವಾಶ್ ಬಗ್ಗೆ. ಹಾಳಿ ಎರಡೂ ಬದಿ ಹತ್ತು ನಿಮಿಷ ನೆನಸಿ, ಒದ್ದಿ ಇದ್ದಾಗ್ಲೇ ಆಕ್ರಿಲಿಕ್ ಶೀಟ್ ಮ್ಯಾಲ ಹಾಸ್ರಿ. ಕಟ್ಟಿಗಿ ಹಲಗಿ ನೀರು ಕುಡಿತೈತಿ, ಶೀಟ್ ಕುಡಿಯಂಗಿಲ್ಲ. ಫ್ಯಾನ್ ಬಂದ್. ಬೇಕಾದ್ದಕ್ಕಿಂತ ದುಪ್ಪಟ್ಟು ಬಣ್ಣ ಕಲಸಿ ಇಟ್ಕೋರಿ. ನಡಕ ಕಲಸಾಕ ಹೋದ್ರ ಗೆರಿ ಗ್ಯಾರಂಟಿ. ಎರಡು ಇಂಚಿನ ಚಪ್ಪಟಿ ಬ್ರಷ್, ಶೀಟ್ ಸ್ವಲ್ಪ ಓರೆ. ಬಣ್ಣ ಲಗೂನ ಒಣಗಬಾರದಂದ್ರ ಅರ್ಧ ಕಪ್ ನೀರಿಗೆ ಎರಡು-ಮೂರು ಹನಿ ಗ್ಲಿಸರಿನ್ ಸಾಕು, ಹೆಚ್ಚಾದ್ರ ಮ್ಯಾಲ್ಮೈ ಅಂಟಂಟು ಉಳಿತೈತಿ. ಅರೆ ಒಣಗಿದ ಜಾಗಕ್ಕ ಒದ್ದಿ ಬ್ರಷ್ ಒಯ್ದ್ರ ಹೂಕೋಸಿನಂಥ ಕಲಿ ಏಳತೈತಿ. ಪೂರ್ತಿ ಒಣಗಿದ ಮ್ಯಾಲ ಎರಡನೇ ಪದರ ಕೊಡ್ರಿ. ಮಾಸ್ಕಿಂಗ್ ಫ್ಲೂಯಿಡ್ (ಬಿಳಿ ಜಾಗ ಮುಚ್ಚೂ ರಬ್ಬರಿನಂಥ ದ್ರವ) ಬಳಸಿದ್ರ ಅವತ್ತೇ ಕಿತ್ತು ಬಿಡ್ರಿ, ಬಿಸಲಿಗೆ ಹಾಳಿ ಜೋಡಿ ಕಿತ್ತು ಬರತೈತಿ.

ರೇಖಾವಿನ್ಯಾಸ (ಬೆಳಗಾವಿ):
ಕಣ್ಣಾರೆ ನೋಡಲೇಬೇಕೆಂದಿಲ್ಲ. ಜರ್ಮನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಖ್ 1823–24ರಲ್ಲಿ ‘ಹಿಮದ ಸಮುದ್ರ’ ಬರೆದಾಗ ಆರ್ಕ್ಟಿಕ್ ಕಂಡಿರಲಿಲ್ಲ. ಡ್ರೆಸ್ಡನ್‌ನಲ್ಲಿ ಎಲ್ಬೆ ನದಿಯ ಒಡೆದ ಹಿಮವನ್ನು ಅಭ್ಯಾಸ ಮಾಡಿದ್ದ, ಅಷ್ಟೆ. ಅದರ ಮುಂಭಾಗದ ಹಿಮಹಲಗೆಗಳು ಕಂದು-ಹಳದಿ; ನೀಲಿ ಹಿಂದಕ್ಕೆ ಸರಿದಿದೆ. ನಿಮ್ಮ ಬಕೆಟ್‌ಗೆ ಔಷಧ ಅಲ್ಲೇ ಇದೆ.

ಅಮೆರಿಕದ ಚಿತ್ರಕಾರ ಫ್ರೆಡರಿಕ್ ಚರ್ಚ್ ಮಾತ್ರ 1859ರಲ್ಲಿ ಈಗಿನ ಕೆನಡಾದ ನ್ಯೂಫೌಂಡ್‌ಲ್ಯಾಂಡ್–ಲ್ಯಾಬ್ರಡಾರ್ ಕರಾವಳಿಗೆ ಹೋಗಿ ದೋಣಿಯಿಂದ ಸ್ಕೆಚ್ ಮಾಡಿದ. ಆದರೆ ಒಂಬತ್ತು ಅಡಿಗೂ ಅಗಲದ ‘ಹಿಮಬಂಡೆಗಳು’ 1861ರಲ್ಲಿ ಮುಗಿದದ್ದು ನ್ಯೂಯಾರ್ಕ್‌ನ ಸ್ಟುಡಿಯೋದಲ್ಲಿ. ಮುರಿದ ಹಡಗಿನ ಕಂಬವನ್ನು ಆಮೇಲೆ, 1863ರ ಲಂಡನ್ ಪ್ರದರ್ಶನಕ್ಕೂ ಮೊದಲು, ಸೇರಿಸಿದ. ಗಾತ್ರ ತಿಳಿಸುವ ವಸ್ತು ಇಲ್ಲದಿದ್ದರೆ ಹಿಮಬಂಡೆ ಅಂಗೈಯಗಲವೋ ಗುಡ್ಡದಷ್ಟೋ ಗೊತ್ತಾಗುವುದಿಲ್ಲ.

ನಿಜವಾದ ಕಷ್ಟ ಬೆಳಕಿನದು. 78 ಡಿಗ್ರಿ ಉತ್ತರದ ಸ್ವಾಲ್‌ಬಾರ್ಡ್‌ನಲ್ಲಿ (ನಾರ್ವೆಯ ಆರ್ಕ್ಟಿಕ್ ದ್ವೀಪಗಳು) ಜೂನ್‌ನಲ್ಲೂ ಸೂರ್ಯ ಸುಮಾರು 35 ಡಿಗ್ರಿಗಿಂತ ಮೇಲೇರುವುದಿಲ್ಲ. ನೆರಳು ವಸ್ತುವಿನ ಎತ್ತರದ ಒಂದೂವರೆಪಟ್ಟಿಗೆ ಹತ್ತಿರ. ಬಾದಾಮಿಯ ಬಂಡೆಗಳ ಮುಂದೆ ಬೆಳಿಗ್ಗೆ ಎಂಟೂವರೆಯೊಳಗೆ ಕೂತರೆ ಅಂಥದೇ ಓರೆ ಬಿಸಿಲು, ಅಗಸ್ತ್ಯ ಕೆರೆಯಲ್ಲಿ ಪ್ರತಿಬಿಂಬವೂ ಸಿಗುತ್ತದೆ. ಬಂಡೆಯ ಮುಖಗಳ ಕೋನ ಅಲ್ಲಿಂದ ಕಲಿಯಿರಿ. ನೆರಳಿನ ಕಪ್ಪು ಮಾತ್ರ ತರಬೇಡಿ: ಕಲ್ಲಿನೊಳಗೆ ಬೆಳಕು ಹೋಗದು, ಹಿಮದೊಳಗೆ ಹೋಗುತ್ತದೆ.

ಘಟಪ್ರಭಾ_ದಂಡೆ (ಬಾಗಲಕೋಟೆ):
ಫೋಟೊ ಆರಿಸುವಾಗ ಒಂದು ಎಚ್ಚರಿಕೆ. ಮೇಜಿನಂಗ ಚಪ್ಪಟಿ ಇರೂ ದೊಡ್ಡ ಬಂಡಿ ಹೆಚ್ಚಾಗಿ ದಕ್ಷಿಣ ಧ್ರುವದ್ದು, ಪೆಂಗ್ವಿನ್ ಕಂಡ್ರಂತೂ ಖಾತ್ರಿ. ಗ್ರೀನ್‌ಲ್ಯಾಂಡಿನವು ಮೊನಚು, ಅಂಕುಡೊಂಕು. ಒಂದೇ ಹಾಳಿ ಮ್ಯಾಲ ಎರಡೂ ಕೂಡಸಬ್ಯಾಡ್ರಿ.

ಗೋಳಗುಮ್ಮಟದ_ಕುಂಚ (ವಿಜಯಪುರ):
ನಾ ಇಟ್ಕೊಂಡ ಫೋಟೊ ಚಪ್ಪಟಿದೇ ಅದ್ರಿ! ಬದಲಿ ಮಾಡ್ತೀನಿ. ಅಳತಿಗೆ ಒಂದು ಸಣ್ಣ ದೋಣಿ ಇಡ್ಲೇನು?

ರೇಖಾವಿನ್ಯಾಸ (ಬೆಳಗಾವಿ):
ಇಡಿ. ಬಂಡೆಯ ಎತ್ತರದ ಹತ್ತನೇ ಒಂದು ಭಾಗಕ್ಕಿಂತ ದೊಡ್ಡದು ಬೇಡ, ನಟ್ಟನಡುವೆಯೂ ಬೇಡ.