ಶೆವೆಲ್ 350: ಟಿಕ್ ಟಿಕ್ ಸದ್ದು, ಫಿಲ್ಟರಿನಲ್ಲಿ ಮಿನುಗುವ ಪುಡಿ. ಕ್ಯಾಮ್ ಮಾತ್ರ ಬದಲಿಸಲೇ, ಇಡೀ ಎಂಜಿನ್ ಬಿಚ್ಚಲೇ?

ನೋವಾಯ್_ಶೆವೆಲ್:
ಎಲ್ಲರಿಗೂ ನಮಸ್ಕಾರ. ನಾನು ಮಿಶಿಗನ್‌ನ ನೋವಾಯ್‌ನಲ್ಲಿದ್ದೇನೆ. ಗಾಡಿ 1970ರ ಶೆವರ್ಲೆ ಶೆವೆಲ್ ಮಾಲಿಬು ಕಾರು. 350 ಕ್ಯೂಬಿಕ್ ಇಂಚಿನ ವಿ8 ಎಂಜಿನ್, ಟರ್ಬೊ 350 ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಪವರ್ ಬ್ರೇಕ್. ಹೋದ ವರ್ಷ ಒಂದು ಅಂಗಡಿಯಲ್ಲಿ ಸಿಲಿಂಡರಿಗೆ 0.030 ಇಂಚು ಬೋರ್ ಹೊಡೆಸಿ (ಅಗಲ ಮಾಡಿಸಿ), ಹೊಸ ಫ್ಲಾಟ್ ಟ್ಯಾಪೆಟ್ ಕ್ಯಾಮ್ (ವಾಲ್ವ್ ತೆರೆಸುವ ದಂಡ) ಹಾಕಿ ಜೋಡಿಸಿದೆ. ಓಡಿದ್ದು 600 ಮೈಲಿ ಅಷ್ಟೆ.

ಈಗ ಎಡಗಡೆ ಹೆಡ್ಡಿನಿಂದ ಟಿಕ್ ಟಿಕ್ ಸದ್ದು. ರಾಕರ್ (ವಾಲ್ವ್ ಒತ್ತುವ ತೋಳು) ಬಿಗಿ ಮಾಡಿದರೆ ಎರಡು ದಿನ ಸುಮ್ಮನಿರುತ್ತದೆ, ಮತ್ತೆ ಶುರು. ಆಕ್ಸಲರೇಟರ್ ಒತ್ತಿದರೆ ಕಾರ್ಬ್ಯುರೇಟರ್ ಒಳಗಿಂದ ಪಟ್ ಪಟ್ ಅನ್ನುತ್ತದೆ. ಎಣ್ಣೆ ಬದಲಿಸುವಾಗ ನೋಡಿದರೆ ಬೆಳ್ಳಿ ಪುಡಿ ಕಲಸಿದ ಹಾಗಿತ್ತು.

ಹೇಗೂ ಕೆಲಸ ಬಂದಿದೆ, ಈ ಸಲ 550 ಹಾರ್ಸ್‌ಪವರ್ ಮಾಡಿಬಿಡೋಣ ಅಂತ ಆಸೆ. ದುಡ್ಡು 8,000 ಡಾಲರ್ ಎತ್ತಿಟ್ಟಿದ್ದೇನೆ. ಗಾಡಿ ಟ್ರೇಲರ್ ಮೇಲೆ ಹೋಗುವುದಲ್ಲ. ವಾರಾಂತ್ಯಕ್ಕೆ ಮಕ್ಕಳನ್ನು ಕೂರಿಸಿಕೊಂಡು ಸುತ್ತುವುದು. ಆಗಸ್ಟ್ ಮೂರನೇ ಶನಿವಾರ ಹಳೇ ಕಾರುಗಳ ಮೆರವಣಿಗೆ ವುಡ್‌ವರ್ಡ್ ಕ್ರೂಸಿಗೆ ಹೋಗಲೇಬೇಕು.

ಗ್ರೀಸ್ ಕೈ:
ಗುರುಗಳೇ, 550 ಆಮೇಲೆ. ಮೊದಲು ಹಳೇದು ಯಾಕೆ ಹೋಯಿತು ಅಂತ ಗೊತ್ತಾಗಲಿ. ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಫಿಲ್ಟರ್ ಡಬ್ಬಿ ಕತ್ತರಿಸಿ. ಒಳಗಿನ ಕಾಗದದ ಮಡಿಕೆ ಬಿಡಿಸಿ, ಬಿಳಿ ತಟ್ಟೆಯಲ್ಲಿ ಸಾಲ್ವೆಂಟ್ ಹಾಕಿ ತೊಳೆಯಿರಿ. ತಳಕ್ಕೆ ಕೂತ ಪುಡಿಯ ಅಡಿಯಲ್ಲಿ ಅಯಸ್ಕಾಂತ ಓಡಿಸಿ. ಹಿಂದೆಯೇ ಓಡಿ ಬಂದರೆ ಅದು ಕಬ್ಬಿಣ: ಕ್ಯಾಮ್, ಅದರ ಮೇಲೆ ಕೂರುವ ಲಿಫ್ಟರ್ ಕಡೆಯದು. ಅಲ್ಲಾಡದೆ ಕೂತರೆ ಬೇರಿಂಗ್ ಕಡೆಯದು.

ಕಾರ್ಬ್ಯುರೇಟರ್ ಪಟ್ ಅನ್ನುವುದು ಕೇಳಿದರೆ ನನ್ನ ಅನುಮಾನ ಒಂದು ಎಕ್ಸಾಸ್ಟ್ ಲೋಬ್ ಮೇಲೆ, ಅಂದರೆ ಎಕ್ಸಾಸ್ಟ್ ವಾಲ್ವ್ ತೆರೆಸುವ ಕ್ಯಾಮಿನ ಉಬ್ಬು ಸವೆದಿರಬೇಕು. ಸುಟ್ಟ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ. ಇನ್‌ಟೇಕ್ ವಾಲ್ವ್ ತೆರೆದ ಕೂಡಲೇ ಮೇಲಕ್ಕೆ ನುಗ್ಗುತ್ತದೆ.

ಅರ್ಧ ಥೌ:
ಅನುಮಾನ ಬೇಡ, ಅಳೆಯಿರಿ. ವಾಲ್ವ್ ಕವರ್ ತೆಗೆದು, ರಾಕರ್ ಸಡಿಲಿಸಿ, ಲಿಫ್ಟರಿನಿಂದ ರಾಕರಿಗೆ ಹೋಗುವ ಪುಶ್‌ರಾಡ್ ತುದಿಗೆ ಡಯಲ್ ಗೇಜ್ ಇಡಿ. ಎಂಜಿನ್ ಕೈಯಲ್ಲಿ ತಿರುಗಿಸಿ. ಪ್ರತಿಯೊಂದೂ ಎಷ್ಟು ಏಳುತ್ತದೆ ಅಂತ ಹದಿನಾರೂ ಬರೆದುಕೊಳ್ಳಿ.

ನೋವಾಯ್_ಶೆವೆಲ್:
ಮೂರು ದಿನ ಆಯಿತು, ಕ್ಷಮಿಸಿ. ಪುಡಿ ಅಯಸ್ಕಾಂತದ ಹಿಂದೆ ಇರುವೆ ಸಾಲಿನ ಹಾಗೆ ಓಡಿತು. ಡಯಲ್ ಗೇಜ್: ಹದಿನಾಲ್ಕು ಕಡೆ 0.310 ಇಂಚಿನ ಆಸುಪಾಸು. 5ನೇ ಸಿಲಿಂಡರಿನ ಎಕ್ಸಾಸ್ಟ್ 0.190. 7ನೇ ಎಕ್ಸಾಸ್ಟ್ 0.285.

ಮೊದಲ ಸಲ ಸ್ಟಾರ್ಟ್ ಮಾಡಿದ ಕಥೆ ಹೇಳಿಬಿಡುತ್ತೇನೆ, ಬೈಯಬೇಡಿ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಂದು ಹಲ್ಲು ತಪ್ಪಿ ಕೂತಿತ್ತು. ಬ್ಯಾಟರಿ ಸಾಯುವವರೆಗೆ ಸ್ಟಾರ್ಟರ್ ತಿರುಗಿಸಿದೆವು. ಹತ್ತಿಕೊಂಡ ಮೇಲೆ ಐಡಲ್‌ನಲ್ಲೇ ಬಿಟ್ಟು ಕಾರ್ಬ್ಯುರೇಟರ್ ತಿರುಪು ಸರಿ ಮಾಡುತ್ತಾ ನಿಂತೆವು. ಎಣ್ಣೆ ಮಾಮೂಲಿ 5W-30.

ಲೇತ್ ಮನೆ:
ಬೈಯುವುದಿಲ್ಲ. ನಾನೂ ಒಂದು ಕ್ಯಾಮ್ ಹೀಗೇ ಕಳೆದಿದ್ದೇನೆ.

ಈ ಎಂಜಿನ್‌ನಲ್ಲಿ ಲೋಬಿಗೆ ಎಣ್ಣೆ ಬರುವುದು ಮುಖ್ಯವಾಗಿ ಕ್ರ್ಯಾಂಕ್ ಎರಚಿದಾಗ. ಐಡಲ್‌ನಲ್ಲಿ ಎರಚುವುದು ಕಡಿಮೆ. ಅದಕ್ಕೇ ಹತ್ತಿದ ಕ್ಷಣದಿಂದ ಇಪ್ಪತ್ತು ನಿಮಿಷ 2,000ದಿಂದ 2,500 ಆರ್‌ಪಿಎಂನಲ್ಲಿ ಇಡಬೇಕು ಅನ್ನುವುದು. ಲಿಫ್ಟರ್ ತನ್ನ ಜಾಗದಲ್ಲಿ ಗಿರಗಿರ ಸುತ್ತುತ್ತಿರಬೇಕು. ಸುತ್ತುವುದು ನಿಂತರೆ ಲೋಬ್ ಸವೆಯಿತು ಅಂತಲೇ. ಇನ್ನೊಂದು, ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು 5W-30 ತರಹದ ಎಣ್ಣೆಗಳಲ್ಲಿ ಫಾಸ್ಫರಸ್ಸಿಗೆ 0.08 ಶೇಕಡಾ ಮಿತಿ ಹಾಕಿದ್ದಾರೆ. ಅದರ ಜೊತೆ ಸವೆತ ತಡೆಯುವ ಜಿಂಕೂ ಇಳಿಯಿತು. ಹೊಸ ಗಾಡಿಗಳಿಗೆ ತೊಂದರೆಯಿಲ್ಲ. ಫ್ಲಾಟ್ ಟ್ಯಾಪೆಟ್‌ಗೆ ಅದು ಬೇಕೇ ಬೇಕು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಕ್ಯಾಮ್ ಮಾತ್ರ ಬದಲಿಸಿದರೆ ದುಡ್ಡು ದಂಡ. ಅರೆದ ಕಬ್ಬಿಣ ಬೇರಿಂಗ್ ಒಳಗೆ ಹೊಕ್ಕು ಕೂತಿದೆ. ಎಂಜಿನ್ ಇಳಿಸಿ. ಆಯಿಲ್ ಗ್ಯಾಲರಿ (ಬ್ಲಾಕಿನೊಳಗೆ ಎಣ್ಣೆ ಓಡುವ ದಾರಿ) ಪ್ಲಗ್ ಎಲ್ಲ ಬಿಚ್ಚಿ, ಉದ್ದನೆ ಬ್ರಷ್ ತೂರಿಸಿ ತೊಳೆಯಿರಿ. ಆಯಿಲ್ ಪಂಪ್ ಹೊಸದೇ ಹಾಕಿ.

ಗ್ರೀಸ್ ಕೈ:
ಹೇಗೂ ಪೂರ್ತಿ ಬಿಚ್ಚುತ್ತೀರಿ. 383 ಕ್ಯೂಬಿಕ್ ಇಂಚಿಗೆ ಏರಿಸಿ. 4.030 ಇಂಚು ಬೋರಿಗೆ 3.75 ಇಂಚು ಸ್ಟ್ರೋಕಿನ (ಪಿಸ್ಟನ್ ಓಡುವ ದೂರ) ಕ್ರ್ಯಾಂಕ್. ಅಲ್ಯೂಮಿನಿಯಂ ಹೆಡ್, ಹೈಡ್ರಾಲಿಕ್ ರೋಲರ್ ಕ್ಯಾಮ್. ರೋಲರ್ ಆದರೆ ಲಿಫ್ಟರ್ ಉಜ್ಜುವುದಿಲ್ಲ, ಉರುಳುತ್ತದೆ; ಈ ಲೋಬ್ ತಲೆನೋವೇ ಇಲ್ಲ. ಆರಾಮಾಗಿ 450 ಹಾರ್ಸ್‌ಪವರ್ ಬರುತ್ತದೆ. 1970ರಲ್ಲಿ ಶೆವೆಲ್ಲಿನ ದೊಡ್ಡ ಎಂಜಿನ್ ಎಲ್‌ಎಸ್6 454ಗೆ ಕಂಪನಿಯವರೇ ಬರೆದದ್ದು 450. ಅದೂ ಗ್ರಾಸ್ ಅಳತೆ, ಫ್ಯಾನು ಸೈಲೆನ್ಸರು ಯಾವುದೂ ಲೆಕ್ಕಕ್ಕಿಲ್ಲದೆ. ಮಕ್ಕಳನ್ನು ಕೂರಿಸಿಕೊಂಡು ಹೋಗಲು ಇಷ್ಟು ಸಾಲದಾ?

ನೋವಾಯ್_ಶೆವೆಲ್:
ಮನಸ್ಸು ಒಪ್ಪುತ್ತಿಲ್ಲ, ಆದರೂ ಸರಿ 😀 64 ಸಿಸಿ ದಹನ ಕೋಣೆಯ ಹೆಡ್ ನೋಡಿದ್ದೇನೆ. ಫ್ಲಾಟ್ ಟಾಪ್ ಪಿಸ್ಟನ್ ಹಾಕಿ ಬ್ಲಾಕ್ ಮೇಲ್ಮೈ ಪಿಸ್ಟನ್ ತಲೆಗೆ ಸಮನಾಗಿ ಜೀರೊಗೆ ಮಟ್ಟ ಮಾಡಿಸಲೇ?

ಅರ್ಧ ಥೌ:
ಆರ್ಡರ್ ಹಾಕುವ ಮೊದಲು ಈ ಲೆಕ್ಕ ನೋಡಿ. ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಗುಡಿಸುವ ಜಾಗ 784 ಸಿಸಿ. ಮೇಲೆ ಉಳಿಯುವುದು: ಹೆಡ್ 64, ಗ್ಯಾಸ್ಕೆಟ್ 0.039 ಇಂಚಿನದಾದರೆ 8.4, ಫ್ಲಾಟ್ ಟಾಪಿನ ವಾಲ್ವ್ ಗುಳಿ 5. ಒಟ್ಟು 77.4. 784ಕ್ಕೆ ಇದನ್ನು ಕೂಡಿಸಿ ಇದರಿಂದಲೇ ಭಾಗಿಸಿದರೆ ಕಂಪ್ರೆಷನ್ 11.1. ಬಂಕಿನ 93 ಆಕ್ಟೇನಿಗೆ ಇದು ಜಾಸ್ತಿ. ಆಗಸ್ಟ್ ಬಿಸಿಲಲ್ಲಿ ವುಡ್‌ವರ್ಡ್ ಮೇಲೆ ತೆವಳುವಾಗ ನಾಕ್ (ಮಿಶ್ರಣ ತಾನೇ ಸಿಡಿಯುವುದು) ಶುರುವಾಗುತ್ತದೆ.

ಇಲ್ಲಿ ತುಂಬಾ ಜನ ಜಾಣತನ ಮಾಡುತ್ತಾರೆ. ಪಿಸ್ಟನ್ನನ್ನು 0.025 ಇಂಚು ಕೆಳಗೇ ಬಿಟ್ಟು 10.5ಕ್ಕೆ ಇಳಿಸುತ್ತಾರೆ. ಅಂಕಿ ಇಳಿಯಿತು, ಸರಿ. ಆದರೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಸಂದು 0.064 ಆಯಿತು. ಅಷ್ಟು ಅಗಲ ಬಿಟ್ಟರೆ ಮಿಶ್ರಣ ನಡುವಿಗೆ ಹಿಂಡಿ ಬರುವುದಿಲ್ಲ, ಅಂಚಿನಲ್ಲಿ ಉಳಿದದ್ದು ತಾನೇ ಸಿಡಿಯುತ್ತದೆ. ಕಂಪ್ರೆಷನ್ ಇಳಿಸಿಯೂ ನಾಕ್ ಹೋಗಲಿಲ್ಲ ಅಂತ ಆಮೇಲೆ ತಲೆ ಕೆರೆದುಕೊಳ್ಳುತ್ತಾರೆ.

ಜೀರೊಗೇ ಮಟ್ಟ ಮಾಡಿಸಿ, ತಲೆಯಲ್ಲಿ 12 ಸಿಸಿ ಗುಳಿ ಇರುವ ಡಿಶ್ ಪಿಸ್ಟನ್ ಹಾಕಿ. ಉಳಿಯುವ ಜಾಗ 84.4, ಕಂಪ್ರೆಷನ್ 10.3, ಸಂದು 0.039. ಅಲ್ಯೂಮಿನಿಯಂ ಹೆಡ್ಡಿಗೆ, 93 ಪೆಟ್ರೋಲಿಗೆ ಇದು ಸರಿಹೋಗುತ್ತದೆ.

ನೋವಾಯ್_ಶೆವೆಲ್:
ಮೇಡಂ, ಫ್ಲಾಟ್ ಟಾಪ್ ಕಾರ್ಟಿನಲ್ಲಿ ಇತ್ತು. ಈಗಷ್ಟೇ ತೆಗೆದೆ.

ಲೇತ್ ಮನೆ:
ಇನ್ನು ಕೈ ಕಚ್ಚುವ ಜಾಗಗಳು. 3.75 ಕ್ರ್ಯಾಂಕ್ ಸುತ್ತುವಾಗ ಕನೆಕ್ಟಿಂಗ್ ರಾಡಿನ ಬೋಲ್ಟ್ ಬ್ಲಾಕಿನ ಕೆಳ ಅಂಚಿಗೆ ತಾಗುತ್ತದೆ, ಗ್ರೈಂಡ್ ಮಾಡಬೇಕು. ಕ್ಯಾಮ್ ಲೋಬಿಗೂ ರಾಡಿಗೂ 0.050 ಇಂಚಾದರೂ ಸಂದು ಇರಲಿ. ಇದನ್ನೆಲ್ಲ ಸುಮ್ನೆ ಒಮ್ಮೆ ಜೋಡಿಸಿ, ನೋಡಿ, ಮತ್ತೆ ಬಿಚ್ಚಿ. ಗ್ರೈಂಡ್ ಮಾಡಿದ ಮೇಲೆ ತೊಳೆಯುವುದು, ತೊಳೆದ ಮೇಲೆ ಅಲ್ಲ.

ಬ್ಯಾಲೆನ್ಸ್ ಕೇಳಿಕೊಳ್ಳಿ. ಕಿಟ್ ಶೆವರ್ಲೆ 400 ಎಂಜಿನಿನ ತರಹ ಹೊರಗಿನ ಬ್ಯಾಲೆನ್ಸಿನದಾದರೆ ಕ್ರ್ಯಾಂಕಿನ ಮುಂದಿರುವ ನಿಮ್ಮ ಹಳೇ ಡ್ಯಾಂಪರ್, ಹಿಂದಿರುವ ಫ್ಲೆಕ್ಸ್ ಪ್ಲೇಟ್ ಹೊಂದುವುದಿಲ್ಲ. ಎಂಜಿನ್ ಗಡಗಡ ನಡುಗುತ್ತದೆ. ಮತ್ತೆ, ನಿಮ್ಮ ಬ್ಲಾಕಿನಲ್ಲಿ ಕ್ಯಾಮ್ ಮುಂದಕ್ಕೆ ಜಾರದಂತೆ ಹಿಡಿಯುವ ಪ್ಲೇಟ್ ಇಲ್ಲ. ರೋಲರ್ ಕ್ಯಾಮಿಗೆ ಮುಂದೆ ತಡೆಯುವ ಬಟನ್ ಬೇಕು. ಡಿಸ್ಟ್ರಿಬ್ಯೂಟರ್ ಗೇರ್ ಕ್ಯಾಮಿನ ಲೋಹಕ್ಕೆ ಹೊಂದಬೇಕು. ಯಾವ ಗೇರ್ ಅಂತ ಕ್ಯಾಮ್ ತಯಾರಿಸುವವರನ್ನೇ ಕೇಳಿ.

ಗ್ರೀಸ್ ಕೈ:
ಕ್ಯಾಮ್ ವಿಷಯದಲ್ಲಿ ಆಸೆ ಕಡಿಮೆ ಇರಲಿ. ದೊಡ್ಡ ಕ್ಯಾಮಿನ ಗುಡುಗುಡು ಐಡಲ್ ಕೇಳಲು ಚೆನ್ನ, ಆದರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಬಿದ್ದುಹೋದರೆ ಪವರ್ ಬ್ರೇಕ್ ಕಲ್ಲಾಗುತ್ತದೆ. ಗೇರಿನ ಲೆಕ್ಕವೂ ನೋಡಿ. 26 ಇಂಚಿನ ಟೈರು, ಹಿಂದೆ 3.73 ಗೇರು, 70 ಮೈಲಿ ವೇಗ: ಎಂಜಿನ್ ಸುಮಾರು 3,370 ಆರ್‌ಪಿಎಂ ಕಿರುಚುತ್ತಿರುತ್ತದೆ. ನಿಮ್ಮ ಗೇರ್‌ಬಾಕ್ಸಿಗೆ ಓವರ್‌ಡ್ರೈವ್ ಇಲ್ಲ. 3.31 ಆದರೆ ಸುಮಾರು 3,000. ಉಳಿದ ದುಡ್ಡು ರೇಡಿಯೇಟರಿಗೆ, ಹಿಂದಿನ ಆಕ್ಸಲಿಗೆ. ನಿಮ್ಮದು 8.2 ಇಂಚಿನ ಹತ್ತು ಬೋಲ್ಟಿನದಾದರೆ ಅಂಟುವ ಟೈರು ಮಾತ್ರ ಹಾಕಬೇಡಿ, ಅದು ತಡೆಯುವುದಿಲ್ಲ.

ನೋವಾಯ್_ಶೆವೆಲ್:
ಐದು ತಿಂಗಳ ನಂತರ ಬಂದೆ. ಎಂಜಿನ್ ಕೂತಿದೆ, ಹತ್ತಿದೆ!

ಈ ಸಲ ಡಿಸ್ಟ್ರಿಬ್ಯೂಟರ್ ತೂತಿನಿಂದ ಆಯಿಲ್ ಪಂಪಿಗೆ ಕಡ್ಡಿ ಇಳಿಸಿ ಡ್ರಿಲ್ಲಿನಲ್ಲಿ ತಿರುಗಿಸಿದೆ. ಮೊದಲು ಡ್ರಿಲ್ ಹಗುರವಾಗಿ ಓಡಿತು, ಆಮೇಲೆ ಕೈಗೇ ಭಾರ ಗೊತ್ತಾಯಿತು. ಮಗಳು ಕ್ರ್ಯಾಂಕ್ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ರಾಕರ್ ಎಣಿಸಿದಳು. ಹದಿನಾರನೆಯದಕ್ಕೆ ಎಣ್ಣೆ ಬರಲು ಹತ್ತು ನಿಮಿಷ ಹಿಡಿಯಿತು. ಡಿಸ್ಟ್ರಿಬ್ಯೂಟರ್ ನಾಲ್ಕು ಸಲ ನೋಡಿ ಕೂರಿಸಿದೆ. ಎರಡನೇ ಸುತ್ತಿಗೇ ಹತ್ತಿತು.

100 ಮೈಲಿಗೆ ಫಿಲ್ಟರ್ ಕತ್ತರಿಸಿದೆ, ಅಯಸ್ಕಾಂತಕ್ಕೆ ಏನೂ ಬರಲಿಲ್ಲ. ಡೈನೊ (ಪವರ್ ಅಳತೆ) ಇನ್ನೂ ಮಾಡಿಸಿಲ್ಲ. 3.31 ಗೇರ್ ಹಾಕಿಸಿದೆ. ಒಂದೇ ದೂರು: ಗೇರ್‌ಬಾಕ್ಸ್ ಮತ್ತು ಎಂಜಿನ್ ಸೇರುವಲ್ಲಿ ರಾತ್ರಿಗೆ ಎರಡು ಹನಿ ಎಣ್ಣೆ.

ಲೇತ್ ಮನೆ:
ಕ್ರ್ಯಾಂಕಿನ ಹಿಂದೆ ಎಣ್ಣೆ ತಡೆಯುವ ಮೇನ್ ಸೀಲ್ ಇರಬೇಕು. ನಿಮ್ಮದರಲ್ಲಿ ಅದು ಎರಡು ತುಂಡು. ತುಂಡುಗಳ ತುದಿ ಕ್ಯಾಪ್ ಸೇರುವ ಗೆರೆಗೆ ನೇರವಾಗಿ ಕೂತಿದ್ದರೆ ಸೋರುತ್ತದೆ. ಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ ಆಚೆ ಈಚೆ ಸರಿಸಿ ಕೂರಿಸಬೇಕು. ಆದರೆ ಆಯಿಲ್ ಪ್ಯಾನ್ ಇಳಿಸುವ ಮೊದಲು ಮೇಲೆ ನೋಡಿ. ಇನ್‌ಟೇಕ್ ಮ್ಯಾನಿಫೋಲ್ಡಿನ ಹಿಂದಿನ ಅಂಚಿನಿಂದ ಇಳಿದು ಬಂದರೂ ಅದೇ ಜಾಗದಲ್ಲಿ ಹನಿ ಬೀಳುತ್ತದೆ.

ನೋವಾಯ್_ಶೆವೆಲ್:
ಟಾರ್ಚ್ ಹಿಡಿದು ಬೆರಳು ತೂರಿಸಿದೆ. ಮ್ಯಾನಿಫೋಲ್ಡ್ ಹಿಂದೆಯೇ ಒದ್ದೆ. ಪ್ಯಾನ್ ಇಳಿಸುವುದು ತಪ್ಪಿತು ಸರ್.