ಮೈಗ್ರೇನ್‌ನ ‘ಸ್ಪ್ರೆಡಿಂಗ್ ಡಿಪ್ರೆಶನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮೈಗ್ರೇನ್ ಬಗ್ಗೆ ಒಂದು ಕಿರುಹೊತ್ತಗೆಯ ಕರಡು ತಿದ್ದುತ್ತಿದ್ದೇನೆ. ಅದರಲ್ಲಿ ‘ಕಾರ್ಟಿಕಲ್ ಸ್ಪ್ರೆಡಿಂಗ್ ಡಿಪ್ರೆಶನ್’ ಅನ್ನುವುದು ‘ಮಿದುಳಿನ ಹೊರಪದರದಲ್ಲಿ ಹರಡುವ ಖಿನ್ನತೆ’ ಆಗಿಬಿಟ್ಟಿದೆ. ಇದು ತಪ್ಪು, ಅದರಲ್ಲಿ ಅನುಮಾನವಿಲ್ಲ. ಇಲ್ಲಿ ಡಿಪ್ರೆಶನ್ ಅಂದರೆ ಮನಸ್ಸಿನ ಖಿನ್ನತೆ ಅಲ್ಲ, ಮಿದುಳಿನ ವಿದ್ಯುತ್ ಚಟುವಟಿಕೆ ಅಡಗುವುದು. ಆ ಜಾಗಕ್ಕೆ ಯಾವ ಪದ ಹಾಕಬೇಕು ಅನ್ನುವುದು ನನ್ನ ಪ್ರಶ್ನೆ. ಮೈಗ್ರೇನ್ ಇರುವವರಲ್ಲಿ ಮನಸ್ಸಿನ ಖಿನ್ನತೆಯೂ ಉಳಿದವರಿಗಿಂತ ಜಾಸ್ತಿ ಕಾಣಿಸುತ್ತದೆ. ಹಾಗಾಗಿ ಓದುವವರು ಇದನ್ನು ಅದೇ ಅಂತ ನಂಬಿಬಿಡುವ ಅಪಾಯವೂ ಇದೆ.

ಪದ ಹುಡುಕುವ ಮೊದಲು ಅಲ್ಲಿ ಆಗುವುದೇನು ಅಂತ ನೋಡಬೇಕು. ಇದನ್ನು ಮೊದಲು ವಿವರಿಸಿದವರು ಬ್ರೆಜಿಲ್‌ನ ವಿಜ್ಞಾನಿ ಅರಿಸ್ಟಿಡೆಸ್ ಲಿಯಾವೊ, 1944ರಲ್ಲಿ. ಆಗ ಅವರು ಅಮೆರಿಕದ ಹಾರ್ವರ್ಡ್‌ನಲ್ಲಿದ್ದರು. ಹುಡುಕುತ್ತಿದ್ದದ್ದು ಮೂರ್ಛೆರೋಗದ ಗುಟ್ಟು. ಮೊಲದ ಮಿದುಳಿನ ಹೊರಪದರವನ್ನು ಒಂದು ಕಡೆ ಕೆಣಕಿದಾಗ ಅಲ್ಲಿನ ವಿದ್ಯುತ್ ಏರಿಳಿತ ಅಡಗಿಹೋಯಿತು. ಆ ಅಡಗುವಿಕೆ ಅಲ್ಲೇ ನಿಲ್ಲದೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಸುತ್ತಲೂ ಹಬ್ಬಿತು. ಅದಕ್ಕೇ ಆ ಹೆಸರು.

ತಮಾಷೆ ಏನೆಂದರೆ, ಇದಕ್ಕೆ ಮೂರು ವರ್ಷ ಮೊದಲೇ, 1941ರಲ್ಲಿ, ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತನ್ನದೇ ಮೈಗ್ರೇನ್ ಬಂದಾಗ ಕಣ್ಣೆದುರು ಸರಿಯುವ ಮಿಂಚುಗೆರೆಗಳ ಚಿತ್ರ ಬರೆದುಕೊಂಡು ಲೆಕ್ಕ ಹಾಕಿದ್ದರು. ಮಿದುಳಿನಲ್ಲಿ ಏನೋ ಒಂದು ನಿಮಿಷಕ್ಕೆ 3 ಮಿಲಿಮೀಟರಿನಂತೆ ಹರಿಯುತ್ತಿರಬೇಕು ಅಂದರು. ಮೊಲಕ್ಕೂ ಮನುಷ್ಯನಿಗೂ ಒಂದೇ ವೇಗ! ಇವೆರಡನ್ನೂ ಪೀಟರ್ ಮಿಲ್ನರ್ ಎಂಬ ಮಿದುಳು ವಿಜ್ಞಾನಿ ಜೋಡಿಸಿ ನೋಡಿದ್ದು 1958ರಲ್ಲಿ.

ಆದರೆ ಡಿಪ್ರೆಶನ್ ಅನ್ನುವುದು ಅರ್ಧ ಕತೆ ಮಾತ್ರ. ಅಲೆಯ ತುದಿಯಲ್ಲಿ ನರಕೋಶಗಳು ಮೊದಲು ಕೆರಳುತ್ತವೆ. ಒಳಗಿನ ಪೊಟ್ಯಾಸಿಯಂ ಹೊರಗೆ ಸುರಿಯುತ್ತದೆ, ಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕ ಹೊಮ್ಮುತ್ತದೆ, ಪಕ್ಕದ ಕೋಶಗಳೂ ಕೆರಳುತ್ತವೆ. ಕೆರಳಿದ ಕೋಶ ಸುಧಾರಿಸಿಕೊಳ್ಳುವವರೆಗೆ ಕೆಲವು ನಿಮಿಷ ಕೆಲಸ ಮಾಡುವುದಿಲ್ಲ. ನೋಟದಲ್ಲೂ ಹಾಗೇ ಅಲ್ವಾ? ಮುಂದೆ ಮಿನುಗುವ ಗೆರೆ, ಅದರ ಹಿಂದೆ ಏನೂ ಕಾಣದ ಜಾಗ.

ಈಗ ಪದಕ್ಕೆ ಬರೋಣ. ‘ಕುಸಿತ’ ಮೊದಲು ಹೊಳೆದದ್ದು. ಬಂಗಾಳಕೊಲ್ಲಿಯ ಡಿಪ್ರೆಶನ್ ನಮ್ಮ ಪತ್ರಿಕೆಗಳಲ್ಲಿ ಆಗಲೇ ‘ವಾಯುಭಾರ ಕುಸಿತ’ ಆಗಿದೆ. ಆದರೆ ಆರೋಗ್ಯದ ಬರಹದಲ್ಲಿ ಕುಸಿತ ಅಂದರೆ ಆಳು ಕುಸಿದು ಬಿದ್ದ ಅನ್ನಿಸುತ್ತದೆ. ‘ದಮನ’ ಅಂದರೆ ಯಾರೋ ಬೇಕಂತಲೇ ಅದುಮಿದ ಹಾಗೆ. ನನಗೆ ಹಿಡಿಸಿರುವುದು ‘ಹಬ್ಬುವ ಮಂಕು’. ಮಂಕು ಕವಿಯುತ್ತದೆ, ಆಮೇಲೆ ಬಿಡುತ್ತದೆ, ಹಾಗಾಗಿ ಕ್ರಿಯಾಪದವೂ ಸುಲಭವಾಗಿ ಸಿಗುತ್ತದೆ. ತೊಡಕು ಒಂದೇ: ಮಂಕು ಅಂದಕೂಡಲೇ ಮಂಕುತನ, ದಡ್ಡತನದ ನೆನಪು ಬರುತ್ತದೆ. ‘ಮಂಕಿನ ಅಲೆ’ ಅಂದರೆ ಆ ವಾಸನೆ ಸ್ವಲ್ಪ ಕಡಿಮೆಯಾದೀತೇ?

ಎರಡನೆಯದು ‘ಆರಾ’, ಅಂದರೆ ಕೆಲವರಿಗೆ ಸಾಮಾನ್ಯವಾಗಿ ನೋವಿಗೆ ಮುಂಚೆ ಆಗುವ, ಆ ಮಿಂಚುಗೆರೆಯಂಥ ಅನುಭವ. ‘ಪ್ರಭಾವಳಿ’ ಅಂತೂ ಬೇಡ, ಅದು ದೇವರ ವಿಗ್ರಹದ ಹಿಂದೆಯೇ ಇರಲಿ. ‘ಮುನ್ಸೂಚನೆ’ ಚೆನ್ನಾಗಿದೆ, ಆದರೆ ಅದು ಇನ್ನೊಂದು ಹಂತಕ್ಕೆ ಬೇಕು. ನೋವಿಗೆ ಗಂಟೆಗಟ್ಟಲೆ, ಒಮ್ಮೊಮ್ಮೆ ಒಂದೆರಡು ದಿನ ಮೊದಲು ಸುಮ್ನೆ ಆಕಳಿಕೆ, ಕತ್ತು ಬಿಗಿತ, ಏನಾದರೂ ತಿನ್ನುವ ಚಪಲ ಬರುತ್ತದಲ್ಲ, ಮುನ್ಸೂಚನೆ ಅಂದರೆ ಅದು. ಅದರಲ್ಲಿ ಹಸಿವು, ನಿದ್ದೆಗಳನ್ನು ನೋಡಿಕೊಳ್ಳುವ ಮಿದುಳಿನ ಭಾಗವಾದ ಹೈಪೋಥಲಾಮಸ್‌ನ ಕೈವಾಡವಿದೆ ಅನ್ನುತ್ತಾರೆ. ಆರಾ ಬೇರೆ. ಮಂಕಿನ ಅಲೆ ದಾಟುವಾಗ ಆಗುವ ಅನುಭವ ಅದು, ಸಾಮಾನ್ಯವಾಗಿ 5ರಿಂದ 60 ನಿಮಿಷ. ‘ಕಣ್ಮಿಂಚು’ ಅನ್ನಬಹುದಿತ್ತು. ಆದರೆ ಕೆಲವರಿಗೆ ಕೈ ಜುಮ್ಮೆನ್ನುತ್ತದೆ, ಮಾತು ತಡವರಿಸುತ್ತದೆ, ಕಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಬೇರೆ ದಾರಿ ಸಿಗದೆ ‘ಆರಾ’ ಅಂತಲೇ ಉಳಿಸಿದ್ದೇನೆ. ಅದರೊಳಗಿನ ಅಂಕುಡೊಂಕು ಗೆರೆಗೆ ಮಾತ್ರ ‘ಕೋಟೆಯ ತೆನೆಯಂಥ ಗೆರೆ’ ಎಂದು ಬರೆದೆ. ಇಂಗ್ಲಿಷಿನವರೂ ಕೋಟೆಯನ್ನೇ ಹಿಡಿದಿದ್ದಾರೆ.

ನೋವಿನ ಭಾಗದಲ್ಲಿ ಜಗಳ ಕಡಿಮೆ. ಕರಡಿನಲ್ಲಿದ್ದ ‘ಮಿದುಳು ನೋಯುತ್ತದೆ’ ತೆಗೆದೆ, ಮಿದುಳಿಗೆ ತನ್ನ ನೋವು ತಿಳಿಯುವುದಿಲ್ಲ. ನೋಯುವುದು ಅದರ ಹೊದಿಕೆಯಾದ ಪೊರೆ. ಅಲ್ಲಿಗೆ ಬರುವ, ಮುಖದ ಸ್ಪರ್ಶ-ನೋವನ್ನೂ ಒಯ್ಯುವ ಟ್ರೈಜೆಮಿನಲ್ ನರದ ತುದಿಗಳು ಸಿಜಿಆರ್‌ಪಿ ಎಂಬ ಪೆಪ್ಟೈಡನ್ನು (ಪ್ರೋಟೀನಿನ ತುಣುಕಿನಂಥ ಸಣ್ಣ ಅಣುವನ್ನು) ಸುರಿಸುತ್ತವೆ, ರಕ್ತನಾಳಗಳು ಹಿಗ್ಗುತ್ತವೆ, ನೋವಿನ ಸುದ್ದಿ ಮಿದುಳಿನ ಕಾಂಡಕ್ಕೆ ಹೋಗುತ್ತದೆ. ಈ ಪೆಪ್ಟೈಡನ್ನೇ ತಡೆಯುವ ಚುಚ್ಚುಮದ್ದುಗಳು 2018ರಿಂದ ಬಳಕೆಗೆ ಬಂದಿವೆ. ಹಾಗಾಗಿ ‘ರಕ್ತನಾಳದ ತಲೆನೋವು’ ಅನ್ನುವ ಹಳೆಯ ಹೆಸರನ್ನೂ ಕೈಬಿಟ್ಟೆ. ನಾಳ ಹಿಗ್ಗುವುದಷ್ಟೇ ಕಾರಣ ಅಂತ ಈಗ ಯಾರೂ ಒಪ್ಪುವುದಿಲ್ಲ. ಆರಾ ಇಲ್ಲದವರಲ್ಲೂ ಮಂಕಿನ ಅಲೆ ಏಳುತ್ತದೆಯೇ ಅನ್ನುವುದು ತಜ್ಞರಲ್ಲೇ ಇನ್ನೂ ತೀರ್ಮಾನವಾಗಿಲ್ಲ.

‘ಅರೆತಲೆನೋವು’ ಪದವನ್ನು ಮುಟ್ಟಿಲ್ಲ. ಎರಡೂ ಕಡೆ ನೋಯುವವರು ಬೇಕಾದಷ್ಟು ಜನರಿದ್ದಾರೆ, ನಿಜ. ಆದರೆ ಸುಶ್ರುತನ ‘ಅರ್ಧಾವಭೇದಕ’ದಲ್ಲೂ ಗ್ರೀಕರ ‘ಹೆಮಿಕ್ರೇನಿಯಾ’ದಲ್ಲೂ ಇರುವುದು ಅದೇ ಅರ್ಧ. ಅಷ್ಟು ಹಳೆಯ ಪದದ ಜೊತೆ ಗುದ್ದಾಡುವುದು ಯಾಕೆ?

ಇನ್ನೊಂದು ಪದ ಬೇಕು. ಮೈಗ್ರೇನ್ ಜೋರಾದಾಗ ತಲೆ ಬಾಚಿದರೂ, ಕನ್ನಡಕ ಹಾಕಿದರೂ ನೋಯುತ್ತದೆ. ನೋವಿನ ದಾರಿಯಲ್ಲಿರುವ ನರಕೋಶಗಳು ಅತಿ ಚುರುಕಾಗಿ, ಬರೀ ಸ್ಪರ್ಶವೂ ನೋವಾಗುವ ಸ್ಥಿತಿ ಅದು. ವೈದ್ಯರು ‘ಅಲೋಡೈನಿಯಾ’ ಅನ್ನುತ್ತಾರೆ. ‘ಮುಟ್ಟುನೋವು’ ಅಂದರೆ ಮುಟ್ಟಿನ ಹೊಟ್ಟೆನೋವು ಅಂದುಕೊಳ್ಳುತ್ತಾರೆ. ‘ಸೋಕುನೋವು’ ನಡೆದೀತೇ? ಮಂಗಳೂರು, ಧಾರವಾಡ, ಕಲಬುರಗಿ ಕಡೆಯವರು ಇದಕ್ಕೆ ಮನೆಯಲ್ಲಿ ಏನನ್ನುತ್ತೀರಿ, ಮತ್ತು ಕಣ್ಣೆದುರು ಮಿಂಚುವುದಕ್ಕೆ ಏನನ್ನುತ್ತೀರಿ, ದಯವಿಟ್ಟು ಬರೆಯಿರಿ.